ಸುಸ್ತೋ, ಬೇಜಾರೋ, ಔಷಧಿಯೋ? ಚಿಕಿತ್ಸೆಯ ದಿನಗಳಲ್ಲಿ ಮನಸ್ಸು ಬದಲಾದರೆ ಮನೆಯವರು ಗಮನಿಸಬೇಕಾದ್ದು

ರಕ್ತದ ಕ್ಯಾನ್ಸರ್‌ಗೆ ಕಾರ್ ಟಿ ಚಿಕಿತ್ಸೆ ಪಡೆದವರಿಗೆ ಆಸ್ಪತ್ರೆಯಲ್ಲಿ ದಿನವೂ ಕೆಲವು ಪ್ರಶ್ನೆ ಕೇಳುತ್ತಾರೆ. ಇದು ಯಾವ ವರ್ಷ? ಯಾವ ತಿಂಗಳು? ನೀವು ಯಾವ ನಗರದಲ್ಲಿದ್ದೀರಿ? ಇದು ಯಾವ ಆಸ್ಪತ್ರೆ? ಈ ಮೂರು ವಸ್ತುಗಳ ಹೆಸರೇನು? ಎರಡು ಬೆರಳು ತೋರಿಸಿ. ನೂರರಿಂದ ಹತ್ತು ಹತ್ತು ಕಳೆಯುತ್ತಾ ಹಿಂದಕ್ಕೆ ಎಣಿಸಿ. ಕೊನೆಗೆ, ಒಂದು ವಾಕ್ಯ ಬರೆಯಿರಿ. ಒಟ್ಟು 10 ಅಂಕ.

ಪಕ್ಕದಲ್ಲಿ ಕುಳಿತ ಮನೆಯವರಿಗೆ ಇದು ವಿಚಿತ್ರ ಅನಿಸುವುದು ಸಹಜ. ಕಾಯಿಲೆ ಇರುವುದು ರಕ್ತದಲ್ಲಿ, ಪರೀಕ್ಷೆ ಮಾತ್ರ ಒಂದನೇ ಕ್ಲಾಸಿನದು! ಆದರೆ ಈ ಪ್ರಶ್ನೆಗಳ ಹಿಂದೆ ಗಟ್ಟಿಯಾದ ಕಾರಣವಿದೆ. ನಮ್ಮ ರೋಗನಿರೋಧಕ ವ್ಯವಸ್ಥೆ ಕೆರಳಿದರೆ ಅದರ ಬಿಸಿ ಮೆದುಳಿಗೂ ತಟ್ಟುತ್ತದೆ. ಹಾರ್ಮೋನ್ ಏರುಪೇರಾದರೂ ಹಾಗೆಯೇ. ಅದು ಮೊದಲು ಕಾಣುವುದು ಮಾತಿನಲ್ಲಿ, ನಿದ್ದೆಯಲ್ಲಿ, ಸಿಟ್ಟಿನಲ್ಲಿ, ಕೈಬರಹದಲ್ಲಿ.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ದೇಶದ ಮೊದಲ ಕಾರ್ ಟಿ ಚಿಕಿತ್ಸೆ ನಡೆದದ್ದು 2021ರ ಜೂನ್ 4ರಂದು, ಖಾರ್ಘರ್‌ನಲ್ಲಿರುವ ಟಾಟಾ ಮೆಮೋರಿಯಲ್ ಕೇಂದ್ರದ ಆಕ್ಟ್ರೆಕ್‌ನಲ್ಲಿ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ಈ ಚಿಕಿತ್ಸೆಗೆ ‘ನೆಕ್ಸ್‌ಕಾರ್19’ ಎಂಬ ಹೆಸರಿನಲ್ಲಿ 2023ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆ ಅನುಮತಿ ಸಿಕ್ಕಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ದೇಶಕ್ಕೆ ಸಮರ್ಪಿಸಿದರು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ‘ಕಾರ್ಟೆಮಿ’ ಎಂಬ ಇನ್ನೊಂದನ್ನು ತಂದಿತು. ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾದದ್ದು ಬೆಲೆ ಮತ್ತು ಸ್ವದೇಶಿ ಸಾಧನೆ. ಮನೆಯವರು ಏನನ್ನು ಗಮನಿಸಬೇಕು ಎಂಬುದು ಅಷ್ಟಾಗಿ ಬರಲಿಲ್ಲ. ಈ ಲೇಖನ ಅದರ ಬಗ್ಗೆ.

ಒಂದು ವಾಕ್ಯ ಏಕೆ ಬರೆಸುತ್ತಾರೆ?

ಟಿ ಕೋಶಗಳು ನಮ್ಮ ರಕ್ತದಲ್ಲಿರುವ ಕಾವಲುಗಾರರು. ಕಾರ್ ಟಿ ಚಿಕಿತ್ಸೆಯಲ್ಲಿ ರೋಗಿಯದೇ ಟಿ ಕೋಶಗಳನ್ನು ತೆಗೆದು, ಕ್ಯಾನ್ಸರ್ ಕೋಶದ ಮೇಲಿನ ಒಂದು ಗುರುತನ್ನು ಹಿಡಿಯುವಂತೆ ಪ್ರಯೋಗಾಲಯದಲ್ಲಿ ಮಾರ್ಪಡಿಸಿ, ಮತ್ತೆ ದೇಹಕ್ಕೆ ಬಿಡುತ್ತಾರೆ. ಒಳಗೆ ಹೋದ ಕೋಶಗಳು ಸಂಖ್ಯೆಯಲ್ಲಿ ಬೆಳೆದು ಕ್ಯಾನ್ಸರ್ ಮೇಲೆ ಬೀಳುತ್ತವೆ.

ಈ ಹೋರಾಟದಲ್ಲಿ ಕೋಶಗಳು ಸೈಟೊಕೈನ್ ಎಂಬ ರಾಸಾಯನಿಕ ಸಂದೇಶಗಳನ್ನು ಹೊರಬಿಡುತ್ತವೆ. ‘ಇಲ್ಲಿ ಶತ್ರು ಇದ್ದಾನೆ, ಎಲ್ಲರೂ ಬನ್ನಿ’ ಎಂದು ಕೂಗಿ ಕರೆದಂತೆ. ಮಿತಿಯಲ್ಲಿದ್ದರೆ ಒಳ್ಳೆಯದು. ಮಿತಿ ಮೀರಿದರೆ ಜ್ವರ ಏರುತ್ತದೆ, ರಕ್ತದೊತ್ತಡ ಇಳಿಯುತ್ತದೆ. ರಕ್ತ ಮತ್ತು ಮೆದುಳಿನ ನಡುವೆ ಜರಡಿಯಂತೆ ಕೆಲಸ ಮಾಡುವ ರಕ್ತನಾಳಗಳ ಒಳಪದರ ಸಡಿಲಗೊಳ್ಳಬಹುದು. ಆಗ ಮೆದುಳಿನ ಕೆಲಸ ತಪ್ಪುತ್ತದೆ. ಪದ ನೆನಪಾಗುವುದಿಲ್ಲ, ಕೈ ನಡುಗುತ್ತದೆ, ಮಂಪರು ಕವಿಯುತ್ತದೆ. ತೀವ್ರವಾದರೆ ಫಿಟ್ಸ್ ಬರಬಹುದು, ಎಚ್ಚರ ತಪ್ಪಬಹುದು.

ಬರೆಯುವುದು ನೋಡಲು ಸುಲಭದ ಕೆಲಸ. ಆದರೆ ಯೋಚನೆ, ಪದ, ಕೈಯ ಹಿಡಿತ ಮೂರೂ ಸೇರಿದರೆ ಮಾತ್ರ ವಾಕ್ಯವಾಗುತ್ತದೆ. ನಿನ್ನೆ ನೇರವಾಗಿದ್ದ ಸಾಲು ಇಂದು ಓರೆಯಾದರೆ, ಅಕ್ಷರ ಒಂದರ ಮೇಲೊಂದು ಬಿದ್ದರೆ, ವಾಕ್ಯ ಅರ್ಧಕ್ಕೆ ನಿಂತರೆ ವೈದ್ಯರಿಗೆ ಅದು ಮೊದಲ ಸೂಚನೆ. 10ರಲ್ಲಿ 7ರಿಂದ 9 ಅಂಕ ಬಂದರೆ ಸೌಮ್ಯ ಹಂತ, 3ರಿಂದ 6 ಬಂದರೆ ಎರಡನೇ ಹಂತ, 2 ಅಥವಾ ಅದಕ್ಕಿಂತ ಕಡಿಮೆ ಬಂದರೆ ಗಂಭೀರ. ಅಂಕದ ಜೊತೆಗೆ ರೋಗಿ ಎಷ್ಟು ಎಚ್ಚರವಾಗಿದ್ದಾರೆ ಎಂಬುದನ್ನೂ ನೋಡುತ್ತಾರೆ.

ಹೆದರಬೇಡಿ. ನೆಕ್ಸ್‌ಕಾರ್19ರ 64 ರೋಗಿಗಳ ಪ್ರಯೋಗದ ಫಲಿತಾಂಶ 2025ರಲ್ಲಿ ‘ಲ್ಯಾನ್ಸೆಟ್ ಹೆಮಟಾಲಜಿ’ ಪತ್ರಿಕೆಯಲ್ಲಿ ಬಂತು. ಫಲಿತಾಂಶ ಅಳೆಯಲು ಸಾಧ್ಯವಾದವರಲ್ಲಿ ಶೇ 73ರಷ್ಟು ಮಂದಿಯಲ್ಲಿ ಕ್ಯಾನ್ಸರ್ ಇಳಿಯಿತು. ಮೆದುಳಿಗೆ ಸಂಬಂಧಿಸಿದ ತೊಂದರೆ ಕಡಿಮೆ ಇತ್ತು. ಆದರೂ ಪ್ರಶ್ನೆ ಕೇಳುವುದನ್ನು ಯಾರೂ ಬಿಟ್ಟಿಲ್ಲ. ತೊಂದರೆ ಬೇಗ ಗೊತ್ತಾದಷ್ಟೂ ಚಿಕಿತ್ಸೆ ಸುಲಭ.

ಜ್ವರದಲ್ಲಿ ಆಗುವುದೂ ಇದೇ, ಸಣ್ಣ ಪ್ರಮಾಣದಲ್ಲಿ

ಇದನ್ನು ಅರ್ಥ ಮಾಡಿಕೊಳ್ಳಲು ಕಾರ್ ಟಿವರೆಗೆ ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ನಿಮ್ಮ ಕಟ್ಟಡದಲ್ಲೇ ಯಾರಿಗಾದರೂ ಡೆಂಗಿ ಬಂದಿರುತ್ತದೆ. ಆಗ ಊಟ ಸೇರುವುದಿಲ್ಲ, ಯಾರ ಮುಖವೂ ಬೇಡ, ಟಿವಿ ಸದ್ದೂ ಬೇಡ, ಮೂಲೆಯಲ್ಲಿ ಮಲಗಿದರೆ ಸಾಕು ಅನಿಸುತ್ತದೆ. ಇದು ಸೋಮಾರಿತನವಲ್ಲ. ಸೈಟೊಕೈನ್‌ಗಳು ಮೆದುಳಿಗೆ ‘ಶಕ್ತಿ ಉಳಿಸು, ಮಲಗು’ ಎಂದು ಹೇಳುತ್ತಿವೆ. ಕೆಲವು ಸಂದೇಶಗಳು ರಕ್ತದ ಮೂಲಕ ಹೋಗುತ್ತವೆ, ಕೆಲವು ಹೊಟ್ಟೆ ಎದೆಗಳಿಂದ ಮೆದುಳಿಗೆ ಹೋಗುವ ವೇಗಸ್ ನರದ ಮೂಲಕ.

ದೇಹದ ರಕ್ಷಣಾ ರಾಸಾಯನಿಕವೇ ಮನಸ್ಸನ್ನು ಕುಗ್ಗಿಸಬಲ್ಲದು ಎಂಬುದಕ್ಕೆ ಔಷಧಿಯ ಲೋಕದಲ್ಲೇ ಸಾಕ್ಷಿ ಇದೆ. ಹೆಪಟೈಟಿಸ್ ಸಿ ಕಾಯಿಲೆಗೆ ಈಗಿನ ಗುಳಿಗೆಗಳು ಬರುವ ಮುಂಚೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದರು. ಕೆಲವು ಕ್ಯಾನ್ಸರ್‌ಗಳಿಗೂ ಕೊಡುತ್ತಿದ್ದರು. ನಮ್ಮ ದೇಹ ವೈರಸ್ ವಿರುದ್ಧ ತಾನೇ ತಯಾರಿಸುವ ಪ್ರೊಟೀನನ್ನೇ ಹೊರಗಿನಿಂದ ಹೆಚ್ಚು ಪ್ರಮಾಣದಲ್ಲಿ ಕೊಡುವುದು ಈ ಚಿಕಿತ್ಸೆ. ಅದನ್ನು ಪಡೆದ ಹಲವರಲ್ಲಿ ಖಿನ್ನತೆ ಕಾಣಿಸಿಕೊಂಡಿತು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ಗೆ ಇಂಟರ್‌ಫೆರಾನ್ ಪಡೆಯಲಿದ್ದ 40 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವಾರ ಮೊದಲೇ ಖಿನ್ನತೆ ತಡೆಯುವ ಪ್ಯಾರಾಕ್ಸೆಟಿನ್ ಶುರು ಮಾಡಿದರು. ಆ ಗುಂಪಿನಲ್ಲಿ ಶೇ 11 ಮಂದಿಗೆ ಖಿನ್ನತೆ ಬಂತು. ಔಷಧಿಯಿಲ್ಲದ ಮಾತ್ರೆ ತಿಂದ ಇನ್ನೊಂದು ಗುಂಪಿನಲ್ಲಿ ಶೇ 45 ಮಂದಿಗೆ ಬಂತು. ಖಿನ್ನತೆಯ ಮೂಲ ಇಂಜೆಕ್ಷನ್ ಆಗಿದ್ದರೂ ಅದಕ್ಕೆ ಚಿಕಿತ್ಸೆ ಇತ್ತು ಎಂಬುದು ಇಲ್ಲಿ ಮುಖ್ಯ.

ಪ್ರಶ್ನೆ ಯಾವ ಭಾಷೆಯಲ್ಲಿದೆ?

ಈಗ ಆ 10 ಅಂಕದ ಪ್ರಶ್ನೆಗಳಿಗೆ ಮರಳಿ ಬನ್ನಿ. ಖಾರ್ಘರ್‌ನ ವಾರ್ಡಿನಲ್ಲಿ ದಾದಿ ಮರಾಠಿ, ಹಿಂದಿ, ಮಲಯಾಳಂ ಬಲ್ಲವರಾಗಿರಬಹುದು. ರೋಗಿ ಬೀದರ್, ಕಲಬುರಗಿ ಅಥವಾ ಉಡುಪಿ ಕಡೆಯವರಿರಬಹುದು. ನಡುವೆ ಅನುವಾದ ಮಾಡುವವರು ನೀವೇ, ಅಂದರೆ ಮಗ, ಸೊಸೆ ಅಥವಾ ಡೊಂಬಿವಲಿಯ ಭಾವ. ಔಷಧಿಯ ಜೊತೆಗೆ ಅನುವಾದವೂ ನನ್ನ ಕೆಲಸವಾದ್ದರಿಂದ ಇಲ್ಲಿನ ಕೆಲವು ತೊಡಕುಗಳನ್ನು ಹೇಳಲೇಬೇಕು.

‘ಯಾವ ನಗರ?’ ಎಂಬ ಪ್ರಶ್ನೆಯನ್ನು ‘ಯಾವ ಊರು?’ ಎಂದು ಕೇಳಿದರೆ ನಮ್ಮವರು ಹುಟ್ಟಿದ ಊರನ್ನು ಹೇಳುತ್ತಾರೆ. ‘ಹುಮನಾಬಾದ್’ ಎಂಬ ಉತ್ತರ ಕೇಳಿ ದಾದಿ ಒಂದು ಅಂಕ ಕಳೆಯಬಹುದು. ರೋಗಿಯ ತಲೆ ಮಾತ್ರ ಪೂರ್ತಿ ಸರಿ ಇರುತ್ತದೆ! ‘ನಾವೀಗ ಎಲ್ಲಿದ್ದೀವಿ?’ ಎಂದು ಕೇಳಿ. ತಿಂಗಳು ಕೇಳಿದರೆ ವಯಸ್ಸಾದವರು ‘ಶ್ರಾವಣ’ ಎನ್ನಬಹುದು. ಪಂಚಾಂಗಕ್ಕೆ ಸರಿಯಾಗಿದ್ದರೆ ಅದೂ ಸರಿ ಉತ್ತರವೇ ಎಂದು ನೀವು ದಾದಿಗೆ ತಿಳಿಸಬೇಕು.

‘ಸುಸ್ತು’ ಇನ್ನೊಂದು ಕಷ್ಟದ ಪದ. ಕನ್ನಡದಲ್ಲಿ ಸುಸ್ತು ಎಂದರೆ ದೇಹದ ಆಯಾಸ. ಹಿಂದಿ ಮರಾಠಿಯಲ್ಲಿ ‘ಸುಸ್ತ್’ ಎಂದರೆ ಮಂದ, ಆಲಸಿ. ರೋಗಿ ತನ್ನ ಆಯಾಸ ಹೇಳಿಕೊಂಡದ್ದು ವೈದ್ಯರಿಗೆ ‘ಚುರುಕಿಲ್ಲ’ ಎಂದು ಕೇಳಬಹುದು. ‘ಬೇಜಾರು’ ಕೂಡ ಹಾಗೆಯೇ. ಅದು ದುಃಖವೂ ಆಗಬಹುದು, ಬೇಸರವೂ ಆಗಬಹುದು, ಹೊತ್ತು ಹೋಗದಿರುವುದೂ ಆಗಬಹುದು. ‘ಗೊಂದಲ ಇದೆಯಾ?’ ಎಂದು ರೋಗಿಯನ್ನೇ ಕೇಳಿ ಪ್ರಯೋಜನವಿಲ್ಲ. ‘ನನಗೆಂಥ ಗೊಂದಲ, ಡಾಕ್ಟರು ಹೇಳಿದ್ದಕ್ಕೆ ಒಪ್ಪಿದ್ದೀನಲ್ಲ’ ಎನ್ನುತ್ತಾರೆ. ಆದ್ದರಿಂದ ಪದವನ್ನು ಅನುವಾದ ಮಾಡಬೇಡಿ, ನಡೆದದ್ದನ್ನು ಹೇಳಿ. ‘ನಿನ್ನೆ ರಾತ್ರಿಯಿಂದ ನನ್ನ ಹೆಸರಿಗೆ ಬದಲು ತಮ್ಮನ ಹೆಸರು ಕರೆಯುತ್ತಿದ್ದಾರೆ’, ‘ಮೊಬೈಲ್ ಲಾಕ್ ತೆಗೆಯಲು ಬರುತ್ತಿಲ್ಲ’ ಎಂದರೆ ಯಾವ ಭಾಷೆಯ ವೈದ್ಯರಿಗೂ ಅರ್ಥವಾಗುತ್ತದೆ.

ವಾಕ್ಯವನ್ನು ರೋಗಿಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಬರೆಸಿ. ಕನ್ನಡವಾದರೆ ಕನ್ನಡ. ದಾದಿಗೆ ಓದಲು ಬಾರದಿದ್ದರೂ ನಿನ್ನೆಯ ಸಾಲು, ಇಂದಿನ ಸಾಲು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಅದಕ್ಕಾಗಿ ಚಿಕಿತ್ಸೆ ಶುರುವಾಗುವ ಮೊದಲಿನ ಒಂದು ಸಾಲು ನಿಮ್ಮ ಬಳಿ ಇರಲೇಬೇಕು. ಓದು ಬರಹ ಬಾರದವರಾದರೆ ಮೊದಲೇ ಹೇಳಿ. ಸಹಿ ಮಾಡುವುದೋ, ಚಿತ್ರ ಬಿಡಿಸುವುದೋ, ಬದಲಿಗೆ ಏನು ಮಾಡಿಸಬಹುದು ಎಂದು ತಂಡವನ್ನು ಕೇಳಿ.

ಸ್ಟೀರಾಯ್ಡ್: ಕಾಪಾಡುವ ಹಾರ್ಮೋನ್, ನಿದ್ದೆಗೆಡಿಸುವ ಹಾರ್ಮೋನ್

ಕಾರ್ ಟಿ ನಂತರದ ಜ್ವರಕ್ಕೆ ಕೊಡುವ ಮುಖ್ಯ ಔಷಧಿ ಟೊಸಿಲಿಜುಮಾಬ್. ಅದು ದೊಡ್ಡ ಅಣು. ಮೆದುಳಿನೊಳಗೆ ಸುಲಭವಾಗಿ ಹೋಗುವುದಿಲ್ಲ. ಆದ್ದರಿಂದ ಮೆದುಳಿಗೆ ತೊಂದರೆಯಾದಾಗ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಕೊಡುತ್ತಾರೆ. ಸ್ಟೀರಾಯ್ಡ್ ಎಂದರೆ ನಮ್ಮ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ತಯಾರಿಸುವ ಕಾರ್ಟಿಸಾಲ್ ಹಾರ್ಮೋನಿನ ಬಲವಾದ ರೂಪ. ಇದು ಕೆರಳಿದ ರೋಗನಿರೋಧಕ ಕೋಶಗಳನ್ನು ತಣ್ಣಗಾಗಿಸುತ್ತದೆ. ಕಾರ್ ಟಿ ಮಾತ್ರವಲ್ಲ, ಆಸ್ತಮಾ, ಸಂಧಿವಾತ, ಲೂಪಸ್, ಕಿಡ್ನಿ ಕಾಯಿಲೆ, ಕೀಮೋದ ವಾಂತಿ ಎಲ್ಲಕ್ಕೂ ಇದನ್ನು ಬಳಸುತ್ತಾರೆ. ವೈಸೋಲೋನ್, ಮೆಡ್ರಾಲ್, ಡೆಕ್ಸೋನಾ ಎಂಬ ಹೆಸರು ನಿಮ್ಮ ಚೀಟಿಯಲ್ಲೂ ಇರಬಹುದು.

ಕಾರ್ಟಿಸಾಲ್ ಸ್ವಾಭಾವಿಕವಾಗಿ ಬೆಳಗಿನ ಜಾವ ಏರಿ ನಮ್ಮನ್ನು ಎಬ್ಬಿಸುತ್ತದೆ, ರಾತ್ರಿ ಇಳಿದು ಮಲಗಲು ಬಿಡುತ್ತದೆ. ಹೆಚ್ಚು ಸ್ಟೀರಾಯ್ಡ್ ಹೋದಾಗ ಮೆದುಳಿಗೆ ದಿನವಿಡೀ ಬೆಳಗಾದಂತೆ. ಮೊದಮೊದಲು ಉತ್ಸಾಹ, ಹಸಿವು, ಮಾತೋ ಮಾತು. ‘ಅಪ್ಪ ಎಷ್ಟು ಚೇತರಿಸಿಕೊಂಡರು!’ ಎಂದು ಮನೆಯವರಿಗೆ ಖುಷಿ. ಆಮೇಲೆ ರಾತ್ರಿ ಎರಡಕ್ಕೆ ಎದ್ದು ಕಪಾಟು ಜೋಡಿಸುವುದು, ಸಣ್ಣದಕ್ಕೆ ಸಿಡುಕುವುದು, ಅಳುವುದು, ಕೆಲವೊಮ್ಮೆ ಇಲ್ಲದ ಸಂಶಯ. ಒಂದೇ ಕೋಣೆಯ ಮನೆಯಲ್ಲಿ ಇಂಥ ನಾಲ್ಕು ರಾತ್ರಿ ಕಳೆದರೆ ನೋಡಿಕೊಳ್ಳುವವರೂ ಕುಸಿಯುತ್ತಾರೆ.

ಇದು ಎಷ್ಟು ಸಾಮಾನ್ಯ? 1972ರ ಬಾಸ್ಟನ್ ಅಧ್ಯಯನವನ್ನು ಇಂದಿಗೂ ಉಲ್ಲೇಖಿಸುತ್ತಾರೆ. ದಿನಕ್ಕೆ 40 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಪ್ರೆಡ್ನಿಸೋನ್ ಪಡೆದವರಲ್ಲಿ ಶೇ 1.3, 41ರಿಂದ 80 ಮಿಲಿಗ್ರಾಂ ಪಡೆದವರಲ್ಲಿ ಶೇ 4.6, 80ಕ್ಕಿಂತ ಹೆಚ್ಚು ಪಡೆದವರಲ್ಲಿ ಶೇ 18.4 ಮಂದಿಗೆ ಗಂಭೀರ ಮಾನಸಿಕ ತೊಂದರೆ ಕಂಡಿತು. ಡೋಸ್ ಏರಿದಂತೆ ಅಪಾಯವೂ ಏರುತ್ತದೆ. ಇಲ್ಲಿ ಒಂದು ಲೆಕ್ಕ ತಿಳಿದಿರಲಿ. 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂದರೆ ಸುಮಾರು 40 ಮಿಲಿಗ್ರಾಂ ಪ್ರೆಡ್ನಿಸೋಲೋನ್‌ಗೆ ಸಮ. ಸ್ಟ್ರಿಪ್ ಮೇಲಿನ ಸಂಖ್ಯೆ ಚಿಕ್ಕದೆಂದು ಡೋಸ್ ಚಿಕ್ಕದೆಂದುಕೊಳ್ಳಬೇಡಿ.

ನೀವು ಮಾಡಬಹುದಾದ್ದು: ದಿನಕ್ಕೊಮ್ಮೆಯ ಗುಳಿಗೆಯಾದರೆ ಬೆಳಿಗ್ಗೆ ತಿಂಡಿಯ ನಂತರ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ನಿದ್ದೆ ಕೆಟ್ಟ ಎರಡನೇ ರಾತ್ರಿಯೇ ತಿಳಿಸಿ. ನೀವು ಮಾಡಬಾರದ್ದು: ಸಿಟ್ಟು ನೋಡಲಾಗದೆ ಗುಳಿಗೆಯನ್ನು ನೀವೇ ನಿಲ್ಲಿಸುವುದು. ಕೆಲವು ವಾರ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿರುತ್ತದೆ. ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಡೋಸ್ ಇಳಿಸುವ ದಿನಗಳಲ್ಲಿ ಮಂಕು, ಅಳು ಬರುವುದೂ ಉಂಟು. ಅದನ್ನೂ ಹೇಳಬೇಕು. ಹಿಂದಿನ ಚೀಟಿ ತೋರಿಸಿ ಅಂಗಡಿಯಿಂದ ಮತ್ತೆ ಮತ್ತೆ ಸ್ಟೀರಾಯ್ಡ್ ತರುವುದಂತೂ ಬೇಡವೇ ಬೇಡ.

ಕಾವಲುಗಾರ ಗ್ರಂಥಿಯ ಮೇಲೆಯೇ ಬಿದ್ದರೆ

ಕಾರ್ ಟಿ ಪಡೆಯುವವರು ಇನ್ನೂ ಕಡಿಮೆ. ಆದರೆ ಇನ್ನೊಂದು ಬಗೆಯ ಇಮ್ಯುನೊಥೆರಪಿ ನಮ್ಮಲ್ಲಿ ಹೆಚ್ಚು ಮನೆಗಳಿಗೆ ಬರುತ್ತಿದೆ. ಅದು ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಇಂಜೆಕ್ಷನ್‌ಗಳು. ರೋಗನಿರೋಧಕ ಕೋಶಗಳಿಗೆ ಇರುವ ಬ್ರೇಕನ್ನು ಇವು ತೆಗೆಯುತ್ತವೆ. ಬೆಲೆ ದುಬಾರಿಯಾದ್ದರಿಂದ ಟಾಟಾ ಮೆಮೋರಿಯಲ್ ವೈದ್ಯರು ಬಾಯಿ, ಗಂಟಲಿನ ಮುಂದುವರಿದ ಕ್ಯಾನ್ಸರ್ ಇದ್ದ 151 ರೋಗಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಬೇರೆಡೆ 240 ಮಿಲಿಗ್ರಾಂ ಕೊಡುವ ನಿವೊಲುಮಾಬನ್ನು ಮೂರು ವಾರಕ್ಕೊಮ್ಮೆ ಬರೇ 20 ಮಿಲಿಗ್ರಾಂ ಕೊಟ್ಟರು, ಜೊತೆಗೆ ಅಗ್ಗದ ಗುಳಿಗೆಗಳ ಕೀಮೋ. ಬರೀ ಗುಳಿಗೆ ಪಡೆದವರಲ್ಲಿ ಒಂದು ವರ್ಷ ಬದುಕುಳಿದವರು ಶೇ 16.3. ಇಂಜೆಕ್ಷನ್ ಸೇರಿಸಿದವರಲ್ಲಿ ಶೇ 43.4. ತಂಬಾಕು ಬಾಯಿಯ ಕ್ಯಾನ್ಸರ್ ತಂದ ನಮ್ಮ ಮನೆಗಳಿಗೆ ಇದು ದೊಡ್ಡ ಸುದ್ದಿ.

ಬ್ರೇಕ್ ತೆಗೆದ ಕೋಶಗಳು ಕೆಲವೊಮ್ಮೆ ನಮ್ಮದೇ ಗ್ರಂಥಿಗಳ ಮೇಲೆ ಬೀಳುತ್ತವೆ. ಹೆಚ್ಚಾಗಿ ಪೆಟ್ಟು ತಿನ್ನುವುದು ಥೈರಾಯ್ಡ್. ಮೊದಲು ಗ್ರಂಥಿ ಒಡೆದು ಹಾರ್ಮೋನ್ ರಕ್ತಕ್ಕೆ ಸುರಿಯುತ್ತದೆ. ಎದೆ ಢವಢವ, ಕೈ ನಡುಕ, ಚಡಪಡಿಕೆ, ನಿದ್ದೆ ಇಲ್ಲ. ಕೆಲವು ವಾರ ಕಳೆದ ಮೇಲೆ ಹಾರ್ಮೋನ್ ಖಾಲಿ. ಮೈ ಭಾರ, ಚಳಿ, ಮಲಬದ್ಧತೆ, ಮರೆವು, ಯಾವುದರಲ್ಲೂ ಮನಸ್ಸಿಲ್ಲ. ಒಂದೇ ಕಾಯಿಲೆ ಮೊದಲು ಆತಂಕದ ಮುಖ, ಆಮೇಲೆ ಖಿನ್ನತೆಯ ಮುಖ ತೋರಿಸುತ್ತದೆ. ಕುತ್ತಿಗೆಗೆ ರೇಡಿಯೇಷನ್ ಪಡೆದವರಲ್ಲೂ ಥೈರಾಯ್ಡ್ ಕುಂದುವುದು ಉಂಟು.

ಕ್ಯಾನ್ಸರ್ ಇಲ್ಲದವರಿಗೂ ಈ ಮಾತು ಅನ್ವಯಿಸುತ್ತದೆ. 2013ರಲ್ಲಿ ಮುಂಬಯಿ, ಬೆಂಗಳೂರು ಸೇರಿ ಎಂಟು ನಗರಗಳ 5,376 ವಯಸ್ಕರ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಶೇ 10.95 ಮಂದಿಗೆ ಥೈರಾಯ್ಡ್ ಕೊರತೆ ಇತ್ತು. ಇವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಇರುವುದೇ ಗೊತ್ತಿರಲಿಲ್ಲ. ಅಯೋಡಿನ್ ಉಪ್ಪು ತಿನ್ನುವ ನಗರಗಳಲ್ಲಿ ಈ ಕೊರತೆಗೆ ದೊಡ್ಡ ಕಾರಣ ರೋಗನಿರೋಧಕ ವ್ಯವಸ್ಥೆ ಥೈರಾಯ್ಡನ್ನೇ ನಿಧಾನವಾಗಿ ಸವೆಸುವ ಹಾಶಿಮೊಟೊ ಕಾಯಿಲೆ. 1949ರಲ್ಲೇ ಬ್ರಿಟಿಷ್ ವೈದ್ಯ ರಿಚರ್ಡ್ ಆಶರ್, ತೀವ್ರ ಥೈರಾಯ್ಡ್ ಕೊರತೆಯಿಂದ ಬುದ್ಧಿಭ್ರಮಣೆಯಾದ 14 ರೋಗಿಗಳ ಬಗ್ಗೆ ಬರೆದಿದ್ದರು. ಹಾರ್ಮೋನ್ ಕೊಟ್ಟಾಗ ಅವರಲ್ಲಿ ಹೆಚ್ಚಿನವರು ಚೇತರಿಸಿಕೊಂಡರು.

ಕೆಲವು ಔಷಧಿಗಳಿಂದ ಪಿಟ್ಯುಟರಿ ಗ್ರಂಥಿಗೂ ಪೆಟ್ಟಾಗುತ್ತದೆ. ಇದು ಮೆದುಳಿನ ಬುಡದಲ್ಲಿರುವ, ಉಳಿದ ಗ್ರಂಥಿಗಳಿಗೆ ಅಪ್ಪಣೆ ಕೊಡುವ ಗ್ರಂಥಿ. ಆಗ ಹೊಸ ತಲೆನೋವು, ವಿಪರೀತ ನಿಶ್ಶಕ್ತಿ, ತಲೆಸುತ್ತು, ಮಂಕು ಬರುತ್ತವೆ. ಇಂಥಲ್ಲಿ ಟಿಎಸ್‌ಎಚ್ ಒಂದೇ ಪರೀಕ್ಷೆ ಮೋಸ ಮಾಡಬಹುದು. ಟಿಎಸ್‌ಎಚ್ ತಯಾರಿಸುವುದೇ ಪಿಟ್ಯುಟರಿ. ಅದೇ ಕೆಟ್ಟಿರುವಾಗ ಸಂಖ್ಯೆ ‘ನಾರ್ಮಲ್’ ಎಂದು ಕಂಡರೂ ಥೈರಾಯ್ಡ್ ಹಾರ್ಮೋನ್ ಕಡಿಮೆ ಇರಬಹುದು. ಅದಕ್ಕೇ ಇಮ್ಯುನೊಥೆರಪಿ ಪಡೆಯುವವರಿಗೆ ಫ್ರೀ ಟಿ4, ಬೆಳಗಿನ ಕಾರ್ಟಿಸಾಲ್ ಪರೀಕ್ಷೆಗಳನ್ನೂ ಬರೆಯುತ್ತಾರೆ. ಕಾರ್ಟಿಸಾಲ್ ಕೊರತೆ ಇದ್ದರೆ ಅದನ್ನು ಮೊದಲು ಸರಿಪಡಿಸಿ ಆಮೇಲೆ ಥೈರಾಯ್ಡ್ ಗುಳಿಗೆ ಕೊಡಬೇಕು. ನೆರೆಮನೆಯವರ ಥೈರಾಯ್ಡ್ ಗುಳಿಗೆ ‘ಟ್ರೈ’ ಮಾಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಎರಡು ಪುಟ್ಟ ಎಚ್ಚರಿಕೆಗಳು. ಥೈರಾಯ್ಡ್ ಗುಳಿಗೆ ಖಾಲಿ ಹೊಟ್ಟೆಯಲ್ಲಿ, ಚಹಾಕ್ಕಿಂತ ಅರ್ಧ ಮುಕ್ಕಾಲು ಗಂಟೆ ಮೊದಲು ತೆಗೆದುಕೊಳ್ಳಿ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಕೀಮೋ ನಂತರ ಕೂದಲಿಗೆಂದು ಬಯೋಟಿನ್ ತಿನ್ನುತ್ತಿದ್ದರೆ ರಕ್ತ ಕೊಡುವ ಮೊದಲು ಹೇಳಿ. ಹೆಚ್ಚು ಡೋಸ್ ಬಯೋಟಿನ್ ಥೈರಾಯ್ಡ್ ಸೇರಿ ಕೆಲವು ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ.

ಎಲ್ಲ ದುಃಖವೂ ಹಾರ್ಮೋನ್ ಅಲ್ಲ

ಇಷ್ಟು ಓದಿದ ಮೇಲೆ ‘ಖಿನ್ನತೆ ಎಂದರೆ ಬರೀ ಉರಿಯೂತ, ಇಮ್ಯುನಿಟಿ ಸರಿಯಾದರೆ ಮನಸ್ಸೂ ಸರಿ’ ಎಂದುಕೊಳ್ಳಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಇಂಥ ಪುಡಿ, ಕಷಾಯ ಮಾರುವವರಿದ್ದಾರೆ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸಾಮಾನ್ಯ ಔಷಧಿಗೆ ಬಗ್ಗದ ಖಿನ್ನತೆ ಇದ್ದ 60 ಮಂದಿಯಲ್ಲಿ ಉರಿಯೂತ ತಡೆಯುವ ಇನ್‌ಫ್ಲಿಕ್ಸಿಮಾಬ್ ಬಳಸಿ ನೋಡಿದರು. ಒಟ್ಟಾರೆ ನೋಡಿದಾಗ ಅದು ಹುಸಿ ಔಷಧಿಗಿಂತ ಮೇಲಾಗಿರಲಿಲ್ಲ. ರಕ್ತದಲ್ಲಿ ಉರಿಯೂತದ ಅಳತೆ ಹೆಚ್ಚಿದ್ದ ಕೆಲವರಲ್ಲಿ ಮಾತ್ರ ಲಾಭದ ಸುಳಿವು ಸಿಕ್ಕಿತು. ಅಂದರೆ ಸಂಬಂಧ ನಿಜ, ಆದರೆ ಎಲ್ಲರಿಗೂ ಒಂದೇ ಅಳತೆಯಲ್ಲ.

ಕಾಯಿಲೆಯ ಭಯ, ಸಾಲ, ಊರು ಬಿಟ್ಟು ಬಂದ ಒಂಟಿತನ, ಇವೂ ಮನಸ್ಸನ್ನು ಕುಗ್ಗಿಸುತ್ತವೆ. ರಕ್ತ ಪರೀಕ್ಷೆ ಸರಿ ಬಂದರೆ ರೋಗಿಯ ಸಂಕಟ ಸುಳ್ಳಾಗುವುದಿಲ್ಲ. ಪರೀಕ್ಷೆಯಲ್ಲಿ ಥೈರಾಯ್ಡ್ ಸಿಕ್ಕರೂ ಮನೋವೈದ್ಯರ ಅಗತ್ಯ ತಾನಾಗಿ ತಪ್ಪುವುದಿಲ್ಲ. ಎರಡೂ ಒಟ್ಟಿಗೆ ಇರಬಹುದು.

ಇಲ್ಲಿ ಒಂದು ಕಹಿ ಮಾತು. ಮುಂಬಯಿಯ ಈ ಕಡೆ ಯಾರಾದರೂ ವಿಚಿತ್ರವಾಗಿ ಆಡಿದರೆ ‘ಥಾಣೆಗೆ ಸೇರಿಸಬೇಕು’ ಎಂದು ನಗುವ ರೂಢಿ ಇದೆ. 1901ರಲ್ಲಿ ಶುರುವಾದ ಥಾಣೆಯ ಮಾನಸಿಕ ಆಸ್ಪತ್ರೆಯ ಹೆಸರು ಹೀಗೆ ಬೈಗುಳವಾಗಿದೆ. ಆ ನಗೆಯ ಭಯಕ್ಕೇ ಎಷ್ಟೋ ಮನೆಗಳಲ್ಲಿ ರೋಗಿಯ ಬಡಬಡಿಕೆಯನ್ನು ವೈದ್ಯರಿಂದಲೂ ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದು ಸ್ಟೀರಾಯ್ಡಿನ ಪರಿಣಾಮವೋ, ಕಾರ್ಟಿಸಾಲ್ ಕೊರತೆಯೋ, ಮೆದುಳಿನ ಊತವೋ ಆಗಿದ್ದರೆ? ಇವೆಲ್ಲಕ್ಕೂ ಚಿಕಿತ್ಸೆ ಇದೆ, ತಡವಾಗದಿದ್ದರೆ.

ಮನೆಗೆ ಬಂದ ಕೆಲಸ

ಈ ಚಿಕಿತ್ಸೆಗಳ ದಿಕ್ಕು ಆಸ್ಪತ್ರೆಯಿಂದ ಮನೆಯ ಕಡೆಗಿದೆ. ಕಾರ್ ಟಿ ಪಡೆದವರು ನಾಲ್ಕು ವಾರ ಆಸ್ಪತ್ರೆಯ ಹತ್ತಿರವೇ ಇರಬೇಕು ಎಂಬ ಸೂಚನೆಯನ್ನು ಅಮೆರಿಕದ ನಿಯಂತ್ರಣ ಸಂಸ್ಥೆ 2025ರ ಜೂನ್‌ನಲ್ಲಿ ಎರಡು ವಾರಕ್ಕೆ ಇಳಿಸಿತು. ವಾಹನ ಓಡಿಸಬಾರದ ಅವಧಿಯನ್ನು ಎಂಟರಿಂದ ಎರಡು ವಾರಕ್ಕೆ ಇಳಿಸಿತು. ನಿಮಗೆ ಅನ್ವಯಿಸುವುದು ನಿಮ್ಮ ಆಸ್ಪತ್ರೆ ಹೇಳಿದ ಅವಧಿ ಮಾತ್ರ. ಆದರೆ ದಿಕ್ಕು ಸ್ಪಷ್ಟ. ವಾಸ ಕಡಿಮೆಯಾದಷ್ಟು ರೋಗಿಗೆ ನೆಮ್ಮದಿ, ಖರ್ಚೂ ಕಡಿಮೆ. ದಾದಿ ಮಾಡುತ್ತಿದ್ದ ಕಾವಲು ಮಾತ್ರ ನಿಮ್ಮ ಪಾಲಿಗೆ ಬರುತ್ತದೆ. ಆ ಕೆಲಸಕ್ಕೆ ಬೇಕಾದ ಪಟ್ಟಿ ನಿಮ್ಮ ಭಾಷೆಯಲ್ಲಿ ಕೇಳುವುದು ನಿಮ್ಮ ಹಕ್ಕು. ಬಿಡುಗಡೆಯ ದಿನವೇ ಕೇಳಿ: ‘ಯಾವ ಬದಲಾವಣೆ ಕಂಡರೆ, ಯಾವ ಹೊತ್ತಿನಲ್ಲಿ, ಯಾವ ನಂಬರಿಗೆ ಫೋನ್ ಮಾಡಲಿ?’

ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಐದು ಸಾಲು ಸಾಕು:

• ಎಷ್ಟು ಹೊತ್ತು ನಿದ್ದೆ, ಎಷ್ಟು ಸಲ ಎದ್ದರು.
• ಮಾತು, ನೆನಪು, ಸಿಟ್ಟು, ಅಳು: ನಿನ್ನೆಗಿಂತ ಏನು ಬೇರೆ. ಅಭಿಪ್ರಾಯ ಬೇಡ, ನಡೆದದ್ದು ಬರೆಯಿರಿ.
• ಜ್ವರ, ಬಿಪಿ.
• ಇವತ್ತು ಯಾವ ಔಷಧಿ ಶುರು, ಯಾವುದು ನಿಂತಿತು, ಯಾವುದರ ಡೋಸ್ ಬದಲಾಯಿತು.
• ರೋಗಿಯೇ ಬರೆದ ಒಂದು ವಾಕ್ಯ. ‘ಬೆಳಿಗ್ಗೆ ಉಪ್ಪಿಟ್ಟು ತಿಂದೆ’ ಎಂದರೂ ಸರಿ.

ಮನಸ್ಸು ಬದಲಾದ ತಾರೀಖು ಮತ್ತು ಔಷಧಿ ಬದಲಾದ ತಾರೀಖು ಹತ್ತಿರ ಬಂದರೆ ವೈದ್ಯರಿಗೆ ಅರ್ಧ ದಾರಿ ಸಿಕ್ಕಂತೆ.

ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ: ಫಿಟ್ಸ್, ಎಬ್ಬಿಸಿದರೂ ಏಳದಿರುವುದು, ಮಾತು ನಿಲ್ಲುವುದು, ಮನೆಯವರನ್ನು ಗುರುತಿಸದಿರುವುದು, ಮಂಕಿನ ಜೊತೆ ಜ್ವರ, ಮಂಕಿನ ಜೊತೆ ವಾಂತಿ ಮತ್ತು ಬಿಪಿ ಇಳಿಯುವುದು, ಸಾಯುವ ಮಾತು. ನೀವು ಡೊಂಬಿವಲಿ, ಕಲ್ಯಾಣ್‌ನಲ್ಲಿದ್ದರೆ ಹಗಲಲ್ಲಿ ಥಾಣೆಗೆ ಹೋಗಿ ಪನ್ವೇಲ್ ಲೋಕಲ್ ಹಿಡಿದು ಖಾರ್ಘರ್ ತಲುಪಬಹುದು. ನಡುರಾತ್ರಿಯ ನಂತರ ಲೋಕಲ್ ಇಲ್ಲ. ಶಿಳ್‌ಫಾಟಾ ರಸ್ತೆಯ ಟ್ರಾಫಿಕ್ ನಿಮಗೆ ಗೊತ್ತೇ ಇದೆ. ಆದ್ದರಿಂದ ಯಾವ ಗಾಡಿ, ಯಾರ ಫೋನ್, ಹತ್ತಿರದ ಯಾವ ತುರ್ತು ವಿಭಾಗಕ್ಕೆ ಮೊದಲು ಹೋಗುವುದು ಎಂದು ಚಿಕಿತ್ಸೆಗೆ ಮೊದಲೇ ನಿಮ್ಮ ವೈದ್ಯರ ಜೊತೆ ತೀರ್ಮಾನಿಸಿ. ಮಹಾರಾಷ್ಟ್ರದಲ್ಲಿ ತುರ್ತು ಆಂಬುಲೆನ್ಸ್ ಸಂಖ್ಯೆ 108. ಎಲ್ಲಿ ಹೋದರೂ ‘ಇವರು ಕಾರ್ ಟಿ ಪಡೆದಿದ್ದಾರೆ’ ಅಥವಾ ‘ಇಮ್ಯುನೊಥೆರಪಿ, ಸ್ಟೀರಾಯ್ಡ್ ನಡೆಯುತ್ತಿದೆ’ ಎಂಬುದು ನಿಮ್ಮ ಮೊದಲ ಮಾತಾಗಿರಲಿ.

ಮನಸ್ಸಿನ ಭಾರಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಫೋನ್ ಮಾಡಿದಾಗ ಭಾಷೆ ಆರಿಸಿಕೊಳ್ಳಬಹುದು. ಈ ಸಂಖ್ಯೆ ರೋಗಿಗೆ ಮಾತ್ರ ಅಲ್ಲ, ನಾಲ್ಕು ರಾತ್ರಿ ನಿದ್ದೆಗೆಟ್ಟು ಕುಳಿತ ನಿಮಗೂ ಹೌದು.

ಚಿಕಿತ್ಸೆಯ ತಾರೀಖು ಗೊತ್ತಾದ ದಿನವೇ ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ರೋಗಿಯ ಕೈಯಲ್ಲಿ ಕನ್ನಡದ ಒಂದು ಸಾಲು ಬರೆಸಿ, ಕೆಳಗೆ ತಾರೀಖು ಹಾಕಿ. ಮುಂದಿನ ಪುಟಗಳನ್ನೆಲ್ಲ ಆ ಸಾಲಿಗೆ ಹೋಲಿಸಿ ನೋಡಬೇಕು.